ಮಲಯಾ ಮೇಷ್ಟ್ರ ಸೀಮೆಸುಣ್ಣ

ಫೋನ್ ಬಂದಾಗ ನಾನು ಬಾಗಿಲಿಗೆ ನೀರು ಹಾಕಿ, ಗೇಟಿನ ಕಂಬಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಹೊಸ್ತಿಲು ಒರೆಸುವವರು, ಕಿಟಕಿ ಒರೆಸುವವರು ನಮ್ಮ ಚಾಮರಾಜಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೆಳಗೆದ್ದು ಗೇಟಿನ ಕಂಬ ಒರೆಸುವವಳು ನಾನೊಬ್ಬಳೇ ಇರಬೇಕು. ಆ ಅಭ್ಯಾಸಕ್ಕೆ ಕಾರಣರಾದವರು ಹೋಗಿಬಿಟ್ಟರು ಎನ್ನುವ ಸುದ್ದಿ ಆ ಹೊತ್ತಿಗೇ ಬಂತು. ಬಟ್ಟೆ ಹಿಂಡಿ ಗೇಟಿನ ಮೇಲೆ ಹಾಕಿ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ಜೊತೆಗಿದ್ದವರಿಗೂ ಬೇಜಾರು, ಅವರನ್ನು ಬಿಟ್ಟುಹೋದವರಿಗೂ ಬೇಜಾರು. ಕಾಲೇಜಿನಲ್ಲಿ ನಾವೆಲ್ಲ ಅವರನ್ನು ಮಲಯಾ ಮೇಷ್ಟ್ರು ಎನ್ನುತ್ತಿದ್ದೆವು, ಅದೇ ಸಾಕು. ಇತಿಹಾಸ ಪಾಠ ಮಾಡುತ್ತಿದ್ದರು. ಪ್ರಾಯದಲ್ಲಿ ಯಾವುದೋ ವಿದ್ಯಾರ್ಥಿವೇತನ ಸಿಕ್ಕಿ ಮಲಯಾಕ್ಕೆ, ಅಂದರೆ ಈಗಿನ ಮಲೇಷ್ಯಾ ಕಡೆಗೆ ಹೋಗಿ, ಒಂದು ಲೈಬ್ರರಿಯಲ್ಲಿ ಕೂತು ಹಳೇ ಪತ್ರಿಕೆ ತಿರುವಿ ಹಾಕಿ ಬಂದಿದ್ದರು. ಅವರ ಜೊತೆಯವರಿಗೆಲ್ಲ ಸಂಶೋಧನೆಗೆ ವಿಜಯನಗರ, ಮರಾಠರು, ಮೈಸೂರು ಅರಸರು ಸಿಕ್ಕಿದ್ದರಂತೆ. ಇವರ ಪಾಲಿಗೆ ಗೈಡ್ ದಯಪಾಲಿಸಿದ್ದು ಮಲಯರ ಒಂದು ಸಣ್ಣ ರಾಷ್ಟ್ರೀಯವಾದಿ ಪಕ್ಷ. ಬೆಂಗಳೂರಿನಲ್ಲಿ ಅದರ ಹೆಸರು ಕೇಳಿದವರು ಇರಲಿಲ್ಲ. ಅದರ ದೇಶದಲ್ಲೇ ಅದನ್ನು ಜನ ಮರೆತಿದ್ದರು ಎಂದು ಅವರೇ ನಗುತ್ತಿದ್ದರು.

ಬಾಗಿಲು ತೆರೆದಿದ್ದರೆ ಅವರಿಗೆ ಪಾಠ ಓಡುತ್ತಿರಲಿಲ್ಲ. ತಡವಾಗಿ ಬಂದವರು ಬಾಗಿಲು ಹಾಗೇ ಬಿಟ್ಟು ಕೂತರೆ, ಬೋರ್ಡಿನ ಕಡೆ ತಿರುಗಿದ್ದಂತೆಯೇ "ತುತುಪ್ ಪಿಂತು" ಎನ್ನುತ್ತಿದ್ದರು. ಪಿಂತು ಎಂದರೆ ಬಾಗಿಲು, ತುತುಪ್ ಎಂದರೆ ಮುಚ್ಚು. ಇಡೀ ಕಾಲೇಜಿಗೆ ಬರುತ್ತಿದ್ದ ಮಲಯ್ ಭಾಷೆ ಅಷ್ಟೇ. ಕ್ಯಾಂಟೀನಿನ ಭಟ್ಟರು ಕೂಡ ಫ್ರಿಜ್ ಬಾಗಿಲು ತೆರೆದಿಟ್ಟವರಿಗೆ "ತುತುಪ್ ಪಿಂತು" ಎಂದು ಗದರುತ್ತಿದ್ದರು.

ಬಿಳಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ. ಮದುವೆ ಮನೆಗೆ ಬಂದರೂ ಇರುತ್ತಿತ್ತು. ಊಟದ ಪಂಕ್ತಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಟೇಬಲ್ ಮೇಲೇ ನಕ್ಷೆ ಬರೆಯಲು ಹೊರಟು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಅವರು ಕೈಯೆತ್ತಿ ಒಂದೇ ಸಲಕ್ಕೆ ಹಾಕುತ್ತಿದ್ದ ಸೊನ್ನೆ ಎಷ್ಟು ದುಂಡಗಿರುತ್ತಿತ್ತೆಂದರೆ ಲೆಕ್ಕದ ಮೇಷ್ಟ್ರಿಗೆ ಹೊಟ್ಟೆಕಿಚ್ಚು. ಇನ್ನೊಂದು ಅಭ್ಯಾಸ ಹೇಳಲೇಬೇಕು. ಉತ್ತರಪತ್ರಿಕೆಯ ಅಂಕ ಕೂಡಿಸುವಾಗ ಅವರ ತುಟಿ ತೆಲುಗಿನಲ್ಲಿ ಅಲ್ಲಾಡುತ್ತಿತ್ತು. "ಆರು, ಏಡು, ಎನಿಮಿದಿ" ಎಂದು ಬೆರಳು ಮಡಿಸುತ್ತಿದ್ದರು. ತಾಯಿ ಅನಂತಪುರದ ಕಡೆಯವರು, ಮನೆ ಮಾತು ತೆಲುಗು. ಉಳಿದಂತೆ ಅವರು ಆಡುತ್ತಿದ್ದುದು ತುಂಬ ಚೆಂದದ ಕನ್ನಡ. ನಾನು ಮುಂದೆ ಕನ್ನಡ ಟೀಚರ್ ಆಗಿ ಹೈಸ್ಕೂಲಿನಲ್ಲಿ ಸವೆಸಿದ ವರ್ಷಗಳಲ್ಲಿ ಅಂಥ ಕನ್ನಡ ಆಡುವವರು ಹೆಚ್ಚು ಜನ ಸಿಗಲಿಲ್ಲ.

ವರ್ಷಕ್ಕೊಮ್ಮೆ, ಸಿಲಬಸ್ ಮುಗಿದ ಮೇಲೆ, ಆ ಪಕ್ಷದ ಕಥೆ ಹೇಳುತ್ತಿದ್ದರು. ಬೋರ್ಡಿನ ಮೇಲೆ ಮೂರು ಚೌಕ ಬರೆದು ಶುರು ಮಾಡುವರು.

"ಒಬ್ಬ ದೊಡ್ಡ ಮನುಷ್ಯ ಇದ್ದ. ಮಲಯರಿಗೋಸ್ಕರ ಒಂದು ದೊಡ್ಡ ಮನೆ ಕಟ್ದ. ಮನೆ ಅಂದ್ರೆ ಪಕ್ಷ. ಬ್ರಿಟಿಷರು ಹೊರಡೋ ಕಾಲ ಹತ್ರ ಬಂತು. ಅಲ್ಲೇ ಇರೋ ಚೀನಾದವರು, ನಮ್ಮ ಕಡೆಯಿಂದ ರಬ್ಬರ್ ತೋಟಕ್ಕೆ ಹೋದವರು, ಇವರನ್ನೆಲ್ಲ ಹೊರಗಿಟ್ಟು ದೇಶ ಮಾಡಕ್ಕಾಗಲ್ಲ, ಬಾಗಿಲು ತೆಗೀರಿ ಅಂದ. ಮನೆಯವರು ಆಗಲ್ಲ ಅಂದ್ರು. ಎದ್ದು ಹೊರಟ. ಎರಡನೇ ಮನೆ ಕಟ್ದ, ನಾಲ್ಕೂ ಕಡೆ ಬಾಗಿಲು. ಯಾರೂ ಬರ್ಲಿಲ್ಲ. ಆಗ ಮೂರನೇ ಮನೆ ಕಟ್ದ, ಚಿಕ್ಕದು. ಈ ಸಲ ಬಾಗಿಲು ಮಲಯರಿಗೆ ಮಾತ್ರ. ತನ್ನನ್ನ ಹೊರಗೆ ಹಾಕಿದವರಿಗಿಂತ ಬಿರುಸಾಗಿ ಮಾತಾಡಕ್ಕೆ ಶುರು ಮಾಡ್ದ."

"ಆಮೇಲೆ ಸಾರ್?"

"ಆಮೇಲೇನು, ಸೋತ. ಕಡೆಗೆ ಒಂದು ಸೀಟು ಸಿಕ್ತು, ಅವನದ್ದೇ. ಅವನು ಸತ್ತ ಮೇಲೆ ಪಕ್ಷ ಆಫೀಸಿನ ಬೋರ್ಡಿನಲ್ಲಿ ಮಾತ್ರ ಉಳೀತು. ಆಮೇಲೆ ಬೋರ್ಡೂ ಹೋಯ್ತು." ಅಂಗೈಯಲ್ಲೇ ಮೂರೂ ಚೌಕ ಅಳಿಸಿ ಕೈ ಕೊಡವುತ್ತಿದ್ದರು.

ಹಿಂದಿನ ಬೆಂಚಿನಿಂದ ಯಾರಾದರೂ ಕೇಳದೆ ಇರುತ್ತಿರಲಿಲ್ಲ. "ಸಾರ್, ಇದು ಪರೀಕ್ಷೆಗೆ ಬರುತ್ತಾ?"

"ಪರೀಕ್ಷೆಗೆ ಬರಲ್ಲ. ಬೀದಿಗೆ ಬರುತ್ತೆ."

ನಾವು ನಗುತ್ತಿದ್ದೆವು. ನಗುವ ವಯಸ್ಸು ಅದು.

ನನ್ನ ಓದು ಮುಗಿದು, ನೌಕರಿ ಸಿಕ್ಕಿ, ಮದುವೆಯಾಗದೆ ಅಮ್ಮನ ಜೊತೆ ಇದೇ ಮನೆಯಲ್ಲಿ ಉಳಿದ ಮೇಲೆ ಮೇಷ್ಟ್ರು ನಮ್ಮ ಹಿಂದಿನ ರಸ್ತೆಗೇ ಬಂದರು. ಸಂಜೆ ವಾಕಿಂಗ್ ಮುಗಿಸಿ ವಾಪಸ್ಸಾಗುವಾಗ ನಮ್ಮ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ನಿಲ್ಲದೆ ಗತಿಯೂ ಇರಲಿಲ್ಲ. ನಮ್ಮಮ್ಮ ಗೇಟಿಗೆ ಹತ್ತಿಕೊಂಡಂತೆ ಕುರ್ಚಿ ಹಾಕಿಕೊಂಡು ಕೂತು, ಹೋಗಿಬರುವವರನ್ನೆಲ್ಲ ಕರೆದು ಮಾತಾಡಿಸುವವಳು. ನಮ್ಮ ಮನೆ ಮಾತು ತಮಿಳು. ಅಮ್ಮನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಹೂವಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಚೆನ್ನಾಗಿ. ಆದರೆ ವಯಸ್ಸಾಗಿ ನೆನಪು ಸೋರತೊಡಗಿದಾಗ ಮೊದಲು ಹೋದದ್ದು ಕನ್ನಡ. ಮಗಳು ಜೀವನವಿಡೀ ಪಾಠ ಮಾಡಿದ ಭಾಷೆ ಅಮ್ಮನ ಬಾಯಿಂದ ಒಂದೊಂದೇ ಪದವಾಗಿ ಉದುರಿ, ಹುಟ್ಟಿನಿಂದ ಬಂದ ತಮಿಳು ಮಾತ್ರ ಉಳಿಯಿತು.

"ವಾಂಗ ಸಾರ್, ಕಾಪಿ ಕುಡಿಕ್ರೀಂಗಳಾ?" ಎಂದು ಅಮ್ಮ ಗೇಟಿನಿಂದ ಕೂಗಿದರೆ, ಮೇಷ್ಟ್ರು ಒಡಕು ತಮಿಳಿನಲ್ಲಿ "ಬೇಡ ಅನ್ನಕ್ಕೆ ನನಗೇನು ಹುಚ್ಚಾ" ಎನ್ನುವ ಅರ್ಥದ ಏನನ್ನೋ ಹೇಳಿ ಒಳಗೆ ಬರುತ್ತಿದ್ದರು. ಅವರ ತಮಿಳು ಕೇಳಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುವಳು. ಡಾಕ್ಟರು ಒಂದು ಮಾತು ಹೇಳಿದ್ದರು: ಅವರು ಮಾತಾಡ್ತಿರೋವರೆಗೂ ಭಯ ಇಲ್ಲ, ಸುಮ್ಮನಾಗಕ್ಕೆ ಬಿಡಬೇಡಿ. ಹಾಗಾಗಿ ಆ ಗೇಟು, ಆ ಕುರ್ಚಿ, ಆ ಕೂಗು, ಇವು ನನಗೆ ಔಷಧಿಗಿಂತ ಹೆಚ್ಚಾಗಿದ್ದವು.

ರಿಟೈರ್ ಆದ ಮೇಲೆ ಮೇಷ್ಟ್ರಿಗೆ ಪಕ್ಷ ಕಟ್ಟುವ ಹುಚ್ಚು ಹಿಡಿಯಿತು. ದೊಡ್ಡ ಪಕ್ಷವೇನಲ್ಲ, ನಮ್ಮ ವಾರ್ಡಿನ ಮಟ್ಟದ್ದು. ಕಸ, ನೀರು, ಒಡೆದ ಫುಟ್‌ಪಾತು, ಕಡಿದುಹೋಗುತ್ತಿರುವ ಮರ, ಇವಿಷ್ಟೇ ವಿಷಯ. ಯಾರು ಇಲ್ಲಿ ಮನೆ ಮಾಡಿಕೊಂಡಿದ್ದಾರೋ ಅವರೆಲ್ಲ ಇಲ್ಲಿಯವರೇ ಎನ್ನುವುದು ಘೋಷಣೆ. ಚುನಾವಣೆಗೆ ಗುರುತಾಗಿ ಬಾಗಿಲು ಬೇಕೆಂದಿದ್ದರು, ಸಿಕ್ಕಿದ್ದು ಸೀಟಿ. "ಪರವಾಗಿಲ್ಲಮ್ಮ, ಬಾಗಿಲು ತೆಗ್ಸಕ್ಕೆ ಸೀಟಿ ಬೇಕೇ ಬೇಕಲ್ಲ" ಎಂದು ಸಮಾಧಾನ ಮಾಡಿಕೊಂಡರು. ನಾನೂ ಸೇರಿದೆ. ದಿನಸಿ ಅಂಗಡಿಯ ಶೆಟ್ಟರು ಸೇರಿದರು. ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದ ಒಬ್ಬರು ಸೇರಿದರು. ಅವರನ್ನು ಪ್ರೆಸ್ಸಿನವರು ಎಂದೇ ಕರೆಯುತ್ತೇನೆ.

ಮನೆ ಮನೆಗೆ ಹೋಗುವ ಪದ್ಧತಿಯನ್ನು ಮೇಷ್ಟ್ರು ಜನಗಣತಿ ಡ್ಯೂಟಿಯಿಂದ ಕಲಿತು ತಂದಿದ್ದರು. ಪೋಲಿಯೋ ಹನಿ ಹಾಕುವವರು ಬಾಗಿಲಿನ ಮೇಲೆ ಗುರುತು ಹಾಕಿ ಹೋಗುತ್ತಾರಲ್ಲ, ಹಾಗೆ. ಮಾತಾಡಿಸಿ ಆದ ಮನೆಯ ಕಂಬಕ್ಕೆ ಒಂದು ಟಿಕ್. ಬೀಗ ಹಾಕಿದ್ದರೆ ಅಡ್ಡಗೆರೆ. ಮತ್ತೆ ಬನ್ನಿ ಎಂದರೆ ಚುಕ್ಕೆ. ನಮಗೆಲ್ಲ ಒಂದೊಂದು ಸೀಮೆಸುಣ್ಣ ಕೊಟ್ಟು, ಎಲ್ಲಿ ಬರೆಯಬೇಕು, ಎಷ್ಟು ಎತ್ತರದಲ್ಲಿ ಬರೆಯಬೇಕು ಎಂದು ಪಾಠ ಬೇರೆ. ಇಡೀ ವಾರ್ಡೇ ಅವರ ಬೋರ್ಡು. ಮನೆಯವರು ತಮಾಷೆಯಾಗಿ ನೋಡುತ್ತಿದ್ದರು, ಮಳೆ ಬಂದರೆ ಅಳಿಸಿಹೋಗುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಸೋತೆವು. ಸೋಲು ಎಂದರೆ ಸಣ್ಣ ಮಾತು, ನಮ್ಮನ್ನು ಜನ ಗಮನಿಸಲೇ ಇಲ್ಲ. ಗೇಟಿನ ಹತ್ತಿರ ಕಾಫಿ ಕೊಟ್ಟು, ಕಸದ ಬಗ್ಗೆ ಅಷ್ಟುದ್ದ ಮಾತಾಡಿದವರು ಓಟನ್ನು ಎಂದಿನವರಿಗೇ ಹಾಕಿ ಬಂದಿದ್ದರು. ಮುಂದಿನ ಚುನಾವಣೆ ಇವತ್ತು, ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ಆ ಕಾಯುವ ಕಾಲ ಕೆಟ್ಟದ್ದು. ಮಾಡಲು ಕೆಲಸವಿಲ್ಲದ ಪಕ್ಷಕ್ಕೆ ಮಾತು ಜಾಸ್ತಿಯಾಗುತ್ತದೆ.

ಒಂದು ಭಾನುವಾರದ ಮೀಟಿಂಗಿನಲ್ಲಿ ಪ್ರೆಸ್ಸಿನವರು ಹೇಳಿದರು, "ಸಾರ್, ತಪ್ಪು ತಿಳ್ಕೋಬೇಡಿ. ಕಸದ ಮಾತಿಗೆ ಓಟ್ ಬೀಳಲ್ಲ. ಇಲ್ಲಿಯವರು ಯಾರು, ಹೊರಗಿನವರು ಯಾರು ಅನ್ನೋ ಮಾತಿಗೆ ಬೀಳುತ್ತೆ."

ಮೇಷ್ಟ್ರು ಸೀಮೆಸುಣ್ಣವನ್ನು ಬೆರಳ ನಡುವೆ ತಿರುಗಿಸುತ್ತ ಕೂತಿದ್ದರು. "ಅದು ನಮ್ಮ ದಾರಿ ಅಲ್ಲ" ಎಂದರು. ಆದರೆ ಹೇಳಿದ ಧಾಟಿಯಲ್ಲಿ ಗಟ್ಟಿತನ ಇರಲಿಲ್ಲ. ಮುಂದಿನ ಮೀಟಿಂಗಿಗೆ ಪ್ರೆಸ್ಸಿನವರು ಹೊಸ ಮುಖಗಳನ್ನು ಕರೆತಂದರು. ಅವರಿಗೆ ಮೇಷ್ಟ್ರ ಕಾಲಿಗೆ ಬೀಳುವ ಅಭ್ಯಾಸ. ಕಾಲಿಗೆ ಬೀಳುವವರನ್ನು ನೋಡಿ ಬೇಡ ಅನ್ನುವುದು ನಮ್ಮ ಮೇಷ್ಟ್ರುಗಳಿಗೆ ಕಷ್ಟ. ಹತ್ತು ಜನರ ಸಭೆ ಐವತ್ತಾಯಿತು, ಕುರ್ಚಿ ಸಾಲದೆ ಜನ ನಿಂತರು. ಬಹಳ ಕಾಲದ ಮೇಲೆ ಅವರಿಗೆ ತುಂಬಿದ ಕ್ಲಾಸು ಸಿಕ್ಕಿತ್ತು. ಒಂದು ದಿನ ಅವರ ಬಾಯಿಂದಲೇ "ಮೊದಲು ಮೂಲದವರು" ಎನ್ನುವ ಮಾತು ಬಂತು. ಜನ ಸೀಟಿ ಊದಿದರು. ನಾನು ಶೆಟ್ಟರ ಮುಖ ನೋಡಿದೆ, ಶೆಟ್ಟರು ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಸೊನ್ನೆ ಬಂದದ್ದು ಆಮೇಲೆ. ಮನೆ ಮಾತು ಕನ್ನಡವಲ್ಲದ ಮನೆಗಳಿಗೆ ಬೇರೆ ಪ್ಯಾಂಫ್ಲೆಟ್ ಕೊಡೋಣ, ಅದಕ್ಕೊಂದು ಗುರುತು ಬೇಕು ಎಂದು ಪ್ರೆಸ್ಸಿನವರು ಕೇಳಿದರು. ಕೇಳಿದ ರೀತಿ ಎಷ್ಟು ಸಾಧುವಾಗಿತ್ತೆಂದರೆ, ಅವರವರ ಭಾಷೆಯಲ್ಲೇ ಅಚ್ಚು ಹಾಕಿಸಿ ಕೊಡುತ್ತಾರೇನೋ ಎಂದುಕೊಳ್ಳಬೇಕು. ಮೇಷ್ಟ್ರು ಎದ್ದು ಹೋಗಿ ಬೋರ್ಡಿನ ಮೇಲೆ, ಕೈಯೆತ್ತಿ, ಒಂದೇ ಸಲಕ್ಕೆ ದುಂಡಗಿನ ಸೊನ್ನೆ ಹಾಕಿದರು. "ಇದು ಆಗುತ್ತೆ. ಟಿಕ್ ಜೊತೆ ಗೊಂದಲ ಆಗಲ್ಲ" ಎಂದರು. ಬೇರೆ ಪ್ಯಾಂಫ್ಲೆಟ್ ಕೊನೆಗೂ ಅಚ್ಚಾಗಲಿಲ್ಲ.

ಅವತ್ತು ದಾರಿಯಲ್ಲಿ ಜೊತೆಗೆ ನಡೆದು ಬರುವಾಗ ಕೇಳಿಯೇಬಿಟ್ಟೆ. "ಸಾರ್, ಮೂರನೇ ಮನೆ ಕಟ್ತಿದೀರಾ?"

ಅವರು ನಿಂತರು. ಸಿಟ್ಟು ಮಾಡಿಕೊಳ್ಳುತ್ತಾರೆ ಅಂದುಕೊಂಡೆ, ಮಾಡಿಕೊಳ್ಳಲಿಲ್ಲ. "ಆ ಕಥೆ ಗೊತ್ತಿಲ್ದೆ ಇರೋರು ಎಡವ್ತಾರಮ್ಮ. ನನಗೆ ಗೊತ್ತಲ್ಲ. ಎಲ್ಲಿ ನಿಲ್ಲಿಸ್ಬೇಕು ಅನ್ನೋದೂ ಗೊತ್ತು. ಜನ ಬರ್ಲಿ ಮೊದ್ಲು. ಬಂದ ಮೇಲೆ ಬಾಗಿಲು ಅಗಲ ಮಾಡೋಣ."

"ಮುಚ್ಚಿದ ಬಾಗಿಲು ನೋಡಿ ಒಳಗೆ ಬಂದವರು ಅಗಲ ಮಾಡಕ್ಕೆ ಬಿಡ್ತಾರಾ ಸಾರ್?"

"ನೀನು ಯಾವಾಗ್ಲೂ ಹಿಂದಿನ ಬೆಂಚೇ" ಎಂದು ನಕ್ಕು ಅವರ ರಸ್ತೆಗೆ ತಿರುಗಿದರು.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಆಗ ಬೈದುಕೊಂಡೆ. ಈಗ ಯೋಚಿಸಿದರೆ ಅದು ಬದನೆಕಾಯಿಯ ಆಸೆ ಮಾತ್ರ ಆಗಿರಲಿಲ್ಲ. ಇತಿಹಾಸದ ಮೇಷ್ಟ್ರು ಮಾತ್ರ ಮಾಡಬಹುದಾದ ತಪ್ಪು ಅದು. ಪಾಠ ಗೊತ್ತಿದ್ದರೆ ಸಾಕು, ತಾನು ಬೋರ್ಡಿನ ಈಚೆ ನಿಂತಿರುತ್ತೇನೆ ಎಂಬ ನಂಬಿಕೆ.

ಕೆಲವೇ ದಿನಗಳಲ್ಲಿ ನಮ್ಮ ಗೇಟಿನ ಎಡಗಡೆಯ ಕಂಬದ ಮೇಲೆ ಸೊನ್ನೆ ಬಂತು. ಪಕ್ಷ ಹುಟ್ಟಿದ ದಿನ ಸೇರಿದವಳ ಮನೆಯ ಮೇಲೆ, ಪಕ್ಷದವರದೇ ಕೈ. ಒರೆಸಿದೆ. ಎರಡು ದಿನ ಬಿಟ್ಟು ಮತ್ತೆ ಬಂತು. ಮತ್ತೆ ಒರೆಸಿದೆ. ಯಾರು ಬರೆಯುತ್ತಾರೆ, ಯಾವಾಗ ಬರೆಯುತ್ತಾರೆ ಗೊತ್ತಾಗುತ್ತಿರಲಿಲ್ಲ. ಕೆಲಸದಿಂದ ಬರುವ ಹೊತ್ತಿಗೆ ಇರುತ್ತಿತ್ತು. ರಸ್ತೆಯ ಉದ್ದಕ್ಕೂ ನಡೆದು ನೋಡಿದೆ. ಹೊಲಿಗೆಯವರ ಮನೆ, ಮೆಸ್ಸಿನ ಮನೆ, ಶೆಟ್ಟರ ಅಂಗಡಿ. ಇಷ್ಟು ವರ್ಷ ಯಾವ ಮನೆಯಲ್ಲಿ ಯಾವ ಮಾತು ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಈಗ ಬೀದಿಯಲ್ಲಿ ಬರುವ ಅಪರಿಚಿತನಿಗೂ ಗೊತ್ತಾಗುವಂತಾಗಿತ್ತು.

ಸಂಜೆ ಸೀಟಿ ಊದಿಕೊಂಡು ಹುಡುಗರು ಬೈಕಿನಲ್ಲಿ ಬರುವುದು ಶುರುವಾಯಿತು. ಸೊನ್ನೆಯಿರುವ ಮನೆಯ ಮುಂದೆ ಬೈಕು ನಿಧಾನವಾಗುತ್ತಿತ್ತು, ಸೀಟಿ ಉದ್ದವಾಗುತ್ತಿತ್ತು. ಬೇರೇನೂ ಮಾಡುತ್ತಿರಲಿಲ್ಲ. ಪೊಲೀಸಿಗೆ ಹೋಗಿ ಏನೆಂದು ಹೇಳುವುದು, ಸೀಟಿ ಊದಿದರು ಅಂತಲೇ? ಒಂದು ಬೆಳಿಗ್ಗೆ ಶೆಟ್ಟರ ಅಂಗಡಿಯ ಬೋರ್ಡಿಗೆ ಮಸಿ ಬಳಿದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದು. ಆ ಬೋರ್ಡು ಅವರ ತಾತನ ಕಾಲದ್ದು, ಮೇಲಿಂದ ಕೆಳಗಿನವರೆಗೂ ಕನ್ನಡದಲ್ಲೇ ಇತ್ತು. ಬಳಿದವರು ಬೋರ್ಡು ಓದಿರಲಿಲ್ಲ, ಪಕ್ಕದ ಕಂಬ ನೋಡಿದ್ದರು.

"ಯಾರು ಮಾಡಿದ್ದು ಶೆಟ್ರೇ?" ಎಂದರೆ, ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತ, "ಯಾರಾದ್ರೇನಮ್ಮ. ನಮ್ಮ ಮೀಟಿಂಗಲ್ಲಿ ನನ್ನ ಪಕ್ಕದಲ್ಲೇ ಕೂತಿರ್ತಾನೆ" ಎಂದರು. ಆಮೇಲೆ ಅವರು ಮೀಟಿಂಗಿಗೆ ಬರಲಿಲ್ಲ. ನಾನೂ ಹೋಗಲಿಲ್ಲ.

ಅಮ್ಮನಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಹೇಳಿದ್ದರೂ ನೆನಪಿರುತ್ತಿರಲಿಲ್ಲ. ಆದರೆ ಮರೆತ ಮನಸ್ಸಿಗೂ ಹೆದರಿಕೆ ಅರ್ಥವಾಗುತ್ತದೆ. ಒಂದು ಸಂಜೆ ಗೇಟಿನ ಹತ್ತಿರ ಕೂತು ಹೂವಿನವಳನ್ನು ಕರೆಯಲು ಬಾಯಿ ತೆರೆದವಳು, ರಸ್ತೆಯ ತುದಿಯಲ್ಲಿ ಸೀಟಿ ಕೇಳಿದ ಕೂಡಲೇ ಬಾಯಿ ಮುಚ್ಚಿಕೊಂಡಳು. ಬೈಕುಗಳು ದಾಟಿದವು. ಹೂವಿನವಳು ಬಂದು ನಿಂತು "ಏನಜ್ಜಿ, ಹೂ ಬೇಡ್ವಾ?" ಎಂದರೂ ಅಮ್ಮ ಮಾತಾಡಲಿಲ್ಲ. ಮರುದಿನ ಕುರ್ಚಿಯನ್ನು ತಾನೇ ಎಳೆದುಕೊಂಡು ಒಳಗಿನ ಹಜಾರಕ್ಕೆ ಹೋದಳು. ಅಲ್ಲಿ ಗೋಡೆ ನೋಡುತ್ತ ಕೂತಳು. ನನಗೆ ಆಗ ಆದ ಸಂಕಟವನ್ನು ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಸಂಕಟಕ್ಕಿಂತ ಸಿಟ್ಟು ಹೆಚ್ಚಾಗಿತ್ತು.

ಆ ಸಿಟ್ಟಿನಲ್ಲೇ ಮೇಷ್ಟ್ರ ಮನೆಗೆ ಹೋದೆ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದೆ. "ಸಾರ್, ನಮ್ಮಮ್ಮ ಮಾತು ನಿಲ್ಸಿದಾರೆ. ನಿಮ್ಮ ಸೀಟಿ ಕೇಳಿ."

ಅವರು ಪೇಪರ್ ಓದುತ್ತಿದ್ದರು. ಕನ್ನಡಕ ತೆಗೆದರು. "ಕೂತ್ಕೊಳಮ್ಮ" ಎಂದರು.

"ಕೂರಲ್ಲ ಸಾರ್. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತು ಅಂದ್ರಲ್ಲ. ಅದನ್ನ ಕೇಳಕ್ಕೆ ಬಂದೆ. ಎಲ್ಲಿ?"

ಅವರು ಜೇಬು ತಡವಿಕೊಂಡರು, ಸೀಮೆಸುಣ್ಣ ಸಿಕ್ಕಿತು, ಅದನ್ನು ನೋಡುತ್ತ ಕೂತರು. ಅವರ ಹೆಂಡತಿ ಅಡಿಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ಆ ಮನೆಯಲ್ಲಿ ನಾನು ಕಾಫಿ ಕುಡಿಯದೆ ಬಂದದ್ದು ಅದೊಂದೇ ಸಲ.

ಆಮೇಲೆ ವಿಷಯಗಳು ನನಗೆ ಬೀದಿಯಿಂದ ತಿಳಿದವು. ಪಕ್ಷದ ಮೀಟಿಂಗು ಪ್ರೆಸ್ಸಿನ ಮಹಡಿಗೆ ಹೋಯಿತು. ಮೇಷ್ಟ್ರಿಗೆ ವಿಶ್ರಾಂತಿ ಬೇಕಂತೆ ಎಂದರು. ಫ್ಲೆಕ್ಸುಗಳಲ್ಲಿ ಅವರ ಫೋಟೋ ಚಿಕ್ಕದಾಗುತ್ತ ಹೋಗಿ ಒಂದು ದಿನ ಇರಲಿಲ್ಲ. ಪ್ರೆಸ್ಸಿನವರು ಆ ಐವತ್ತು ಜನರ ಸಮೇತ ದೊಡ್ಡದೊಂದು ಪಕ್ಷಕ್ಕೆ ಸೇರಿದರು; ಅಲ್ಲಿ ಅವರಿಗೆ ಶಾಲು, ಪೇಟ, ದೊಡ್ಡ ಹಾರ. ನಮ್ಮ ಸಣ್ಣ ಪಕ್ಷ ಸತ್ತಿತು. ಸೀಟಿ ನಿಂತಿತು, ಸೊನ್ನೆ ಬರೆಯುವುದೂ ನಿಂತಿತು. ಬೀದಿಯವರು ಉಸಿರು ಬಿಟ್ಟರು. ಹೊಲಿಗೆಯವರು ಮಾತ್ರ ಅಷ್ಟರಲ್ಲಿ ಮನೆ ಖಾಲಿ ಮಾಡಿಕೊಂಡು ಹೋಗಿದ್ದರು. ನಾನು ಅಮ್ಮನ ಕುರ್ಚಿಯನ್ನು ಮತ್ತೆ ಗೇಟಿನ ಹತ್ತಿರ ಹಾಕಿದೆ. ದಿನಾ ಪಕ್ಕದಲ್ಲಿ ಕೂತು, ಬೇಕೆಂದೇ ಜೋರಾಗಿ ತಮಿಳಿನಲ್ಲಿ ಮಾತಾಡಿಸಿದೆ. ತಿಂಗಳುಗಳೇ ಹಿಡಿದವು. ಒಂದು ಸಂಜೆ ಹೂವಿನವಳನ್ನು ಕಂಡು "ವಾಮ್ಮಾ" ಎಂದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಮೇಷ್ಟ್ರು ಆಸ್ಪತ್ರೆಯಲ್ಲಿದ್ದಾರೆ ಎಂದು ತಿಳಿದಾಗ ಹೋಗಿ ನೋಡಿದೆ. ಹಾಸಿಗೆಯಲ್ಲಿ ಅರ್ಧ ಆಗಿದ್ದರು. ಅಂಗಿ ಆಸ್ಪತ್ರೆಯದು, ಜೇಬಿರಲಿಲ್ಲ. ಮಾತು ಮೆಲ್ಲಗೆ ಬರುತ್ತಿತ್ತು.

"ಅಮ್ಮ ಮಾತಾಡ್ತಾರಾ?" ಎಂದರು, ಮೊದಲ ಮಾತಿಗೇ.

"ಮಾತಾಡ್ತಾರೆ ಸಾರ್. ಕಾಪಿಗೆ ಕರೀತಾರೆ."

ಕಣ್ಣು ಮುಚ್ಚಿಕೊಂಡರು. ಆಮೇಲೆ, "ನಿಮಗೆ ಒಂದು ತಪ್ಪು ಪಾಠ ಮಾಡಿದೀನಿ ಕಣಮ್ಮ" ಎಂದರು. "ಅವನು ಸೋತ, ಪಕ್ಷ ಹೋಯ್ತು, ಅಲ್ಲಿಗೆ ಕಥೆ ಮುಗೀತು ಅಂತ ಬೋರ್ಡ್ ಅಳಿಸ್ತಿದ್ನಲ್ಲ. ಅಲ್ಲಿಗೆ ಮುಗಿಯಲ್ಲ. ಪಕ್ಷ ಸಾಯುತ್ತೆ, ಅದು ಆಡಿದ ಮಾತು ಸಾಯಲ್ಲ. ಬಿದ್ದಿದ್ದನ್ನ ಗೆದ್ದವರು ಎತ್ಕೊಂಡು ಜೇಬಿಗೆ ಹಾಕ್ಕೋತಾರೆ. ಸಣ್ಣವನ ಹತ್ರ ಇದ್ದಾಗ ಅದು ಸೀಟಿ, ಅಷ್ಟೇ. ದೊಡ್ಡವರ ಹತ್ರ ಹೋದ್ರೆ…" ಕೆಮ್ಮು ಬಂತು. ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದರು. ಆ ವಾಕ್ಯ ಪೂರ್ತಿ ಕೇಳುವುದು ನನಗಾಗಲಿಲ್ಲ.

ಫೋನ್ ಬಂದ ದಿನ ಅವರ ಮನೆಗೆ ಹೋದಾಗ ಬಾಗಿಲಲ್ಲಿ ಹೆಚ್ಚು ಚಪ್ಪಲಿಗಳಿರಲಿಲ್ಲ. ಕಾಲಿಗೆ ಬೀಳುತ್ತಿದ್ದವರು ಒಬ್ಬರೂ ಕಾಣಲಿಲ್ಲ. ಶೆಟ್ಟರು ಬಂದು ಮೂಲೆಯಲ್ಲಿ ನಿಂತಿದ್ದರು. ಒಳಗೆ ಹೋಗುವ ಮುಂಚೆ ನನ್ನ ಕಣ್ಣು ಅಭ್ಯಾಸಬಲದಿಂದ ಗೇಟಿನ ಕಂಬದ ಮೇಲೆ ಹೋಯಿತು. ಸೊನ್ನೆ ಇತ್ತು. ಸಜ್ಜೆಯ ನೆರಳಿನಲ್ಲಿ ಮಳೆ ತಾಗದೆ ಉಳಿದಿತ್ತು. ಕೊನೆಕೊನೆಗೆ ಗುರುವಿನ ಮನೆಯನ್ನೂ ಬಿಡಲಿಲ್ಲವಲ್ಲ ಎಂದುಕೊಂಡು ಸೆರಗಿನಿಂದಲೇ ಒರೆಸಲು ಹೋದೆ.

ಅವರ ಹೆಂಡತಿ ಬಾಗಿಲಿಂದ ನೋಡಿದರು. "ಒರೆಸ್ಬೇಡಮ್ಮ. ಅದು ಅವರೇ ಬರೆದಿದ್ದು."

ನನಗೆ ಅರ್ಥವಾಗಲಿಲ್ಲ.

"ನೀನು ಬಂದು ಬೈದು ಹೋದ್ಯಲ್ಲ, ಅವತ್ತೇ ಮಧ್ಯಾಹ್ನ. ಊಟ ಮಾಡ್ಲಿಲ್ಲ. ಎದ್ದು ಹೋಗಿ ಕಂಬದ ಮೇಲೆ ಬರೆದ್ರು. ಪ್ರೆಸ್ಸಿನವರಿಗೆ ಫೋನ್ ಮಾಡಿ ಕರೆಸಿ ತೋರ್ಸಿದ್ರು. ನಮ್ಮಮ್ಮ ನನಗೆ ಜೋಗುಳ ಹೇಳಿದ್ದು ತೆಲುಗಲ್ಲಿ, ನನ್ನ ಮನೆ ಬಿಟ್ಟುಹೋಗಿದೆ ನಿಮ್ಮ ಹುಡುಗರಿಗೆ, ಸೇರಿಸ್ಕೊಳಿ ಅಂದ್ರು. ಎಲ್ಲರ ಗುರುತು ಅಳಿಸ್ರಿ, ಇಲ್ಲಾಂದ್ರೆ ಇದೂ ಇರ್ಲಿ ಅಂದ್ರು. ಪ್ರೆಸ್ಸಿನವರು ಕಂಬ ನೋಡಿ ಹಾಗೇ ಹೊರಟುಹೋದ್ರು. ಆಮೇಲೆ ಯಾರೂ ಬರ್ಲಿಲ್ಲ ನಮ್ಮನೆಗೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಮಾಸಿದಾಗೆಲ್ಲ ಮತ್ತೆ ತಿದ್ದೋರು. ಆಸ್ಪತ್ರೆಗೆ ಹೋಗೋ ದಿನನೂ ತಿದ್ದಿದ್ರು."

ನೋಡಿದೆ. ಕೈಯೆತ್ತಿ ಒಂದೇ ಸಲಕ್ಕೆ ಹಾಕಿದ, ಸಂದೇಹಕ್ಕೆ ಎಡೆಯಿಲ್ಲದ ದುಂಡು. ಆ ಕೈ ಇನ್ಯಾರದ್ದೂ ಆಗಲು ಸಾಧ್ಯವಿರಲಿಲ್ಲ. ಕ್ಷಮಿಸಿದೆನಾ ಎಂದು ಕೇಳಿದರೆ ಗೊತ್ತಿಲ್ಲ. ಅಮ್ಮನ ಆ ಮೌನದ ತಿಂಗಳುಗಳನ್ನು ಯಾರೂ ವಾಪಸ್ ಕೊಡಲಾರರು. ಆದರೆ ಒಳಗೆ ಹೋಗಿ ಮೇಷ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡುವಾಗ ಕೈ ಹಿಂದೆಗೆಯಲಿಲ್ಲ.

ಇದನ್ನು ಬರೆಯಲು ಕೂತದ್ದಕ್ಕೆ ಅವರ ಸಾವು ಮಾತ್ರ ಕಾರಣವಲ್ಲ. ಮೊನ್ನೆ ಸಂಜೆ ಇನ್ನೊಂದಾಯಿತು. ಬಹಳ ಕಾಲ ಮುಂದೆ ಹೋಗುತ್ತಿದ್ದ ಚುನಾವಣೆ ಈ ಸಲ ನಿಜವಾಗಿ ಬರುತ್ತಿದೆ ಎನ್ನುತ್ತಿದ್ದಾರೆ. ಗೇಟಿನ ಹತ್ತಿರ ಒಬ್ಬ ಯುವಕ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕೊರಳಿಗೆ ಐಡಿ ಕಾರ್ಡು, ಕೈಯಲ್ಲಿ ದೊಡ್ಡ ಫೋನು. ಪ್ರೆಸ್ಸಿನವರು ಹೋಗಿ ಸೇರಿದ ಆ ದೊಡ್ಡ ಪಕ್ಷದವನು. ತುಂಬ ಮರ್ಯಾದೆಯಿಂದ ಮಾತಾಡಿದ.

"ನಮಸ್ಕಾರ ಮೇಡಂ. ಸರ್ವೆ ಮಾಡ್ತಿದೀವಿ, ಎರಡೇ ನಿಮಿಷ. ಮನೇಲಿ ಎಷ್ಟು ಓಟು?"

"ಎರಡು."

"ನೀರು, ಕಸ, ಏನಾದ್ರೂ ಸಮಸ್ಯೆ?"

ಹೇಳಿದೆ. ಬೆರಳಿನಿಂದ ಒತ್ತಿಕೊಂಡ. "ಕೊನೇ ಪ್ರಶ್ನೆ ಮೇಡಂ. ಮನೇಲಿ ಯಾವ ಭಾಷೆ ಮಾತಾಡ್ತೀರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಅಮ್ಮ, ಎಷ್ಟೋ ತಿಂಗಳ ಮೇಲೆ ಮರಳಿ ಸಿಕ್ಕ ಆ ತುಂಬು ಗಂಟಲಿನಲ್ಲಿ, ಅವನನ್ನು ಒಳಗೆ ಕರೆದಳು. "ವಾಂಗ ತಂಬಿ, ಕಾಪಿ ಕುಡಿಕ್ರೀಂಗಳಾ?"

ಯುವಕ ನಕ್ಕ. ಒಳ್ಳೆಯ ನಗುವೇ. "ಗೊತ್ತಾಯ್ತು ಬಿಡಿ ಮೇಡಂ" ಎಂದು ಫೋನಿನ ಮೇಲೆ ಒಂದು ಸಲ ಬೆರಳಿಟ್ಟ. ಅಮ್ಮನಿಗೆ ಕೈ ಮುಗಿದ. ಪಕ್ಕದ ಮನೆಯ ಗೇಟು ತೆಗೆದ ಸದ್ದು ಕೇಳಿತು.

ನಾನು ಒಳಗೆ ಹೋಗಿ ಬಟ್ಟೆ ನೆನೆಸಿ ಹಿಂಡಿ ತಂದೆ. ಅಮ್ಮ ಇನ್ನೂ ರಸ್ತೆ ನೋಡುತ್ತ, ಕಾಪಿಗೆ ಬಾರದವನನ್ನು ತಮಿಳಿನಲ್ಲಿ ಬೈಯುತ್ತಿದ್ದಳು. ಎಡಗಡೆಯ ಕಂಬ ನೋಡಿದೆ, ಬಲಗಡೆಯದನ್ನೂ ನೋಡಿದೆ. ಒರೆಸಲು ಅಲ್ಲಿ ಏನೂ ಇರಲಿಲ್ಲ.